ರೂಫ್ ಕೆಳಗಿನ ಎರಡು ಜಾಯಿಂಟ್: ಒಂದು ರ‍್ಯಾಲಿ ಕಾರಿನ ರೋಲ್ ಕೇಜ್ ಕಟ್ಟಿದ ಪ್ರಕರಣ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಳೆಯ ಎಸ್ಟೀಮ್ ಕಾರಿಗೆ ರೋಲ್ ಕೇಜ್, ಅಂದರೆ ಕಾರು ಪಲ್ಟಿಯಾದಾಗ ಒಳಗಿನವರನ್ನು ಕಾಯುವ ಉಕ್ಕಿನ ಪೈಪಿನ ಪಂಜರ, ಕಟ್ಟಿದ ಪ್ರಕರಣವಿದು. ಯಾರದೆಂದು ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕೆಲಸ ನಡೆದ ಕ್ರಮ ಮತ್ತು ನಡುವೆ ತೆಗೆದುಕೊಂಡ ತೀರ್ಮಾನಗಳನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ವೆಲ್ಡಿಂಗ್ ತಪಾಸಣೆ ನನ್ನ ವೃತ್ತಿ. ಪೇಂಟ್ ಹೊಡೆಯುವ ಮುಂಚೆ ಒಮ್ಮೆ ನೋಡಿಕೊಡಿ ಎಂದು ಕಾರಿನ ಹುಡುಗ ಕರೆದಿದ್ದರಿಂದ ನಾನು ಇದರೊಳಗೆ ಬಂದೆ. ಅದಕ್ಕೂ ಹಿಂದೆ ನಡೆದದ್ದನ್ನು ವರ್ಕ್‌ಶಾಪಿನವರ ಬಾಯಲ್ಲಿ ಕೇಳಿ, ಅಲ್ಲೇ ಉಳಿದಿದ್ದ ಪೈಪ್ ತುಂಡುಗಳನ್ನು ಅಳೆದು ತಿಳಿದುಕೊಂಡೆ.

ಹಿನ್ನೆಲೆ

ಹುಡುಗ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ವಾರಾಂತ್ಯದ ಆಟೋಕ್ರಾಸ್‌ನಲ್ಲಿ ಕೈ ಪಳಗಿಸಿಕೊಂಡು, ಕೆ-1000 ಥರದ ರ‍್ಯಾಲಿಗೆ ಇಳಿಯಬೇಕೆಂದು ಹೊರಟವನು. ವಿದೇಶದಿಂದ ಅಳತೆಗೆ ಬಗ್ಗಿಸಿ ಬರುವ ಕೇಜ್ ಕಿಟ್ ತರಿಸುವಷ್ಟು ದುಡ್ಡಿರಲಿಲ್ಲ. ವರ್ಕ್‌ಶಾಪಿನ ಮಾಲೀಕರು ಡೆಂಟಿಂಗ್, ಬಾಡಿ ಕೆಲಸದಲ್ಲಿ ಹೆಸರು ಮಾಡಿದವರು. ಅವರಲ್ಲಿದ್ದ ವೆಲ್ಡರ್ ಮೇಸ್ತ್ರಿ ಮೊದಲು ಪೀಣ್ಯದಲ್ಲಿ ಸ್ಟೇನ್‌ಲೆಸ್ ಪೈಪ್‌ಲೈನ್ ಕೆಲಸ ಮಾಡಿದ್ದವರು. ಆರ್ಗನ್ ವೆಲ್ಡಿಂಗ್‌ನಲ್ಲಿ ಅವರ ಕೈ ಎಷ್ಟು ಸ್ಥಿರ ಎಂಬುದನ್ನು ನಾನೇ ನೋಡಿದ್ದೇನೆ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಮುಂದೆ ಬಂದ ತೊಂದರೆಗೆ ಕೈಚಳಕದ ಕೊರತೆ ಕಾರಣವಾಗಿರಲಿಲ್ಲ.

ಎಲ್ಲರೂ ಒಪ್ಪಿ ಎದುರಿಗಿಟ್ಟುಕೊಂಡದ್ದು ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ನಿಯಮಾವಳಿಯ ಅನುಬಂಧ ಜೆ, 253ನೇ ವಿಧಿ. ಅದರ ಪ್ರಕಾರ ಪೈಪು ತಣ್ಣಗೆ ಎಳೆದು ಮಾಡಿದ (ಕೋಲ್ಡ್ ಡ್ರಾನ್), ಉದ್ದಕ್ಕೂ ಬೆಸುಗೆಯಿಲ್ಲದ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಆಗಿರಬೇಕು, ಕಾರ್ಬನ್ 0.3 ಶೇಕಡಾ ಮೀರಬಾರದು, ಎಳೆತದ ಬಲ ಕನಿಷ್ಠ 350 ನ್ಯೂಟನ್ ಪ್ರತಿ ಚದರ ಮಿ.ಮೀ. ಇರಬೇಕು. ಸೀಟಿನ ಹಿಂದೆ ಕಮಾನಿನಂತೆ ನಿಲ್ಲುವ ಮೇನ್ ಹೂಪ್‌ಗೆ ಹೊರವ್ಯಾಸ 45 ಮಿ.ಮೀ., ದಪ್ಪ 2.5, ಇಲ್ಲವೇ 50ಕ್ಕೆ 2. ಉಳಿದವುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2.

ಪೈಪ್ ಮತ್ತು ಬೆಂಡ್

ಮೊದಲ ಎಡವಟ್ಟು ಅಂಗಡಿಯಲ್ಲೇ ಆಯಿತು. ಉಳಿದ ಭಾಗಗಳ 38 ಮಿ.ಮೀ. ಅಂದರೆ ಒಂದೂವರೆ ಇಂಚು ತಾನೆ ಎಂದು ಮಾಲೀಕರು ಫೋನಿನಲ್ಲಿ ‘ಒಂದೂವರೆ ಇಂಚ್ ಪೈಪ್’ ಎಂದು ಹೇಳಿ ತರಿಸಿದ್ದರು. ಪೈಪ್ ಅಂಗಡಿಯವರ ಲೆಕ್ಕದಲ್ಲಿ ಒಂದೂವರೆ ಇಂಚು ಅಂದರೆ 40 ಎನ್‌ಬಿ, ಅಂದರೆ ಒಳರಂಧ್ರದ ಹೆಸರಳತೆ 40, ಹೊರಗಿನ ಅಳತೆ 48.3 ಮಿ.ಮೀ. ಬಂದದ್ದು ತಗಡನ್ನು ಸುತ್ತಿ ಅಂಚು ಬೆಸೆದು ಮಾಡಿದ, ನೀರಿನ ಲೈನಿಗೆ ಹಾಕುವ ಇಆರ್‌ಡಬ್ಲ್ಯು ಪೈಪು. ಒಳಗೆ ಬೆರಳು ಹಾಕಿ ಎಳೆದರೆ ಉದ್ದಕ್ಕೂ ಸೀಮ್ ಕೈಗೆ ಸಿಗುತ್ತದೆ.

‘ಇದು ಇನ್ನೂ ದಪ್ಪ ಇದೆಯಲ್ಲಪ್ಪ, ಇನ್ನೂ ಗಟ್ಟಿ ಅಲ್ವಾ?’ ಎಂದರಂತೆ ಮಾಲೀಕರು. ಹುಡುಗ ಒಪ್ಪಲಿಲ್ಲ. ಅವನು ಹಿಡಿದ ಪಟ್ಟು ಸರಿಯಾದದ್ದೇ. 3.2 ಮಿ.ಮೀ. ದಪ್ಪದ ಆ ಪೈಪು ಮೀಟರಿಗೆ ಸುಮಾರು 3.56 ಕೆ.ಜಿ. ತೂಗುತ್ತದೆ, 38ಕ್ಕೆ 2.5ರ ಸೀಮ್‌ಲೆಸ್ ಬರೀ 2.19. ಅಷ್ಟು ತೂಕ ಹೊತ್ತೂ ನೀರಿನ ಪೈಪಿನ ಐಎಸ್ 1239 ಮಾನದಂಡ ಕೇಳುವ ಎಳೆತದ ಬಲ 320 ಮಾತ್ರ. ಜೊತೆಗೆ ಬಗ್ಗಿಸುವಾಗ ಸೀಮ್ ಯಾವ ಕಡೆ ಬೀಳುತ್ತದೋ ಆ ಕಡೆ ಏನಾಗುತ್ತದೆ ಎಂದು ಖಾತ್ರಿಯಾಗಿ ಹೇಳುವವರಿಲ್ಲ. ಆ ಮಾಲು ವಾಪಸ್ ಹೋಯಿತು. ಸೀಮ್‌ಲೆಸ್ ಪೈಪು ಟೆಸ್ಟ್ ಸರ್ಟಿಫಿಕೇಟ್ ಸಮೇತ ಬಂತು. ಆದರೆ ಸರ್ಟಿಫಿಕೇಟಿನಲ್ಲಿದ್ದ ಹೀಟ್ ನಂಬರ್ (ಉಕ್ಕನ್ನು ಕರಗಿಸಿದ ಸರದಿಯ ಗುರುತು) ಪೈಪಿನ ಮೇಲಿನ ನಂಬರಿಗೆ ತಾಳೆಯಾಗಲಿಲ್ಲ. ಅಂಗುಲದಷ್ಟು ತುಂಡು ಕೊಯ್ದು ಪೀಣ್ಯದ ಲ್ಯಾಬ್‌ನಲ್ಲಿ ಸ್ಪೆಕ್ಟ್ರೊ ಟೆಸ್ಟ್ ಮಾಡಿಸಿ, ಕಾರ್ಬನ್ ಮಿತಿಯೊಳಗಿದೆ ಎಂದು ನೋಡಿದ ಮೇಲೆಯೇ ಕೆಲಸ ಶುರು ಮಾಡಿದರು. ಈ ಖರ್ಚು ದಂಡ ಎಂದು ಅನೇಕರು ಬಿಡುತ್ತಾರೆ. ಕೇಜ್ ಕೆಲಸದಲ್ಲಿ ಇದಕ್ಕಿಂತ ಅಗ್ಗದ ಭದ್ರತೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲ ಹೂಪನ್ನು ಪ್ಲಂಬಿಂಗ್‌ನವರ ಹೈಡ್ರಾಲಿಕ್ ಬೆಂಡರ್‌ನಲ್ಲಿ ಬಗ್ಗಿಸಿದ್ದರು. ಅದರ ಅಚ್ಚು ಇರುವುದು 48.3ರ ಪೈಪಿಗೆ. 45ರ ಪೈಪು ಅದರಲ್ಲಿ ಸಡಿಲವಾಗಿ ಕೂತು ಮೂಲೆಯಲ್ಲಿ ಚಪ್ಪಟೆಯಾಯಿತು. ವರ್ನಿಯರ್ ಹಿಡಿದರೆ ಒಂದು ಕಡೆ 39.6, ಇನ್ನೊಂದು ಕಡೆ 48.1, ಅನುಪಾತ 0.82. ನಿಯಮ ಕೇಳುವುದು 0.9 ಅಥವಾ ಹೆಚ್ಚು. ಮರಳು ತುಂಬಿ, ಗ್ಯಾಸ್ ಕಟರ್‌ನಲ್ಲಿ ಕಾಯಿಸಿ ಬಗ್ಗಿಸೋಣ ಎಂಬ ಮಾತೂ ಬಂತು. ಅದು ಗೇಟ್, ಗ್ರಿಲ್ ಕೆಲಸದ ಹಳೆಯ ಉಪಾಯ. ಇಲ್ಲಿ ನಡೆಯುವುದಿಲ್ಲ, ಪೈಪನ್ನು ತಣ್ಣಗೇ ಬಗ್ಗಿಸಬೇಕು. ಹೂಪು ಜೋಡಣೆಯಿಲ್ಲದ ಒಂದೇ ಪೈಪಿನದಾಗಿರಬೇಕಾದ್ದರಿಂದ ಕೆಟ್ಟ ಮೂಲೆಯನ್ನು ಕತ್ತರಿಸಿ ಬೇರೆ ತುಂಡು ಸೇರಿಸುವ ಹಾಗೂ ಇರಲಿಲ್ಲ. ಕೊನೆಗೆ ಪೀಣ್ಯದಲ್ಲಿ ಪೈಪು ಚಪ್ಪಟೆಯಾಗದಂತೆ ಒಳಗೆ ಆಧಾರ ಕೊಟ್ಟು ಬಗ್ಗಿಸುವ ಮ್ಯಾಂಡ್ರೆಲ್ ಬೆಂಡಿಂಗ್ ಮಷೀನ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವರಲ್ಲಿ ಹೊಸ ಹೂಪ್ ಮಾಡಿಸಿದರು. ಮಧ್ಯರೇಖೆಯ ತ್ರಿಜ್ಯ ವ್ಯಾಸದ ಮೂರು ಪಟ್ಟು, ಅಂದರೆ 135 ಮಿ.ಮೀ. ಈ ಸಲ ಅನುಪಾತ 0.93 ಬಂತು. ಕೆಟ್ಟ ಹೂಪ್ ಮೂಲೆಗೆ ಬಿತ್ತು. ಅದೇ ಮುಂದೆ ತುಂಬ ಕೆಲಸಕ್ಕೆ ಬಂತು.

ತೊಡಕು

ವಿನ್ಯಾಸ ಸರಳವಾಗಿತ್ತು: ಒಂದು ಮೇನ್ ಹೂಪ್. ಅದರ ಮೇಲಿನ ಮೂಲೆಗಳಿಂದ ರೂಫ್ ಅಂಚಿಗೆ ತಾಗಿಕೊಂಡು ಮುಂದೆ ಬಂದು, ಮುಂಗಾಜಿನ ಪಕ್ಕದ ಕಂಬದ ಜೊತೆ ಕೆಳಗಿಳಿಯುವ ಎರಡು ಅರ್ಧ ಹೂಪ್‌ಗಳು. ಗಾಜಿನ ಮೇಲೆ ಅಡ್ಡ ಪೈಪು. ಆಮೇಲೆ ಡಯಾಗನಲ್, ಡೋರ್ ಬಾರ್, ಹಿಂದಕ್ಕೆ ಇಳಿಯುವ ಬ್ಯಾಕ್‌ಸ್ಟೇ.

ಹುಡುಗ ಎತ್ತರದವನು. ಹೆಲ್ಮೆಟ್ ಹಾಕಿಸಿ ರೇಸಿಂಗ್ ಸೀಟಿನಲ್ಲಿ ಕೂರಿಸಿ, ತಲೆಯಿಂದ ಪೈಪು ಎಷ್ಟು ದೂರ ಇರಬೇಕೆಂದು ನೋಡಿಕೊಂಡೇ ಹೂಪಿನ ಎತ್ತರ ನಿಗದಿ ಮಾಡಿದ್ದರು. ಹೀಗಾಗಿ ಕೇಜು ರೂಫ್ ತಗಡಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಹೋಗಿ ಕೂತಿತು. ಮೂಲೆಯ ಜಾಯಿಂಟ್ ಹತ್ತಿರ ಪೈಪಿಗೂ ತಗಡಿಗೂ ನಡುವೆ ನಾನು ಅಳೆದದ್ದು 12 ಮಿ.ಮೀ. ಈ ನಿರ್ಧಾರವನ್ನು ನಾನು ತಪ್ಪೆನ್ನುವುದಿಲ್ಲ. ಕೇಜು ಬಾಡಿಗೆ ಅಂಟಿಕೊಂಡಷ್ಟೂ ಒಳಗೆ ಕೂತವನ ತಲೆಗೆ ಜಾಗ ಹೆಚ್ಚು.

ಇನ್ನೊಂದು ಪೈಪಿನ ದುಂಡು ಮೈಗೆ ಕೂರುವಂತೆ ಪೈಪಿನ ತುದಿಗೆ ಕೊಡುವ ಫಿಶ್‌ಮೌತ್ ಕಟ್ ಚೆನ್ನಾಗಿ ಕೂತಿತ್ತು. ಕಾಗದದ ಅಚ್ಚು ಸುತ್ತಿ ಗುರುತು ಹಾಕಿ, ಹೋಲ್‌ಸಾದಲ್ಲಿ ಕೊಯ್ದು, ಅರದಿಂದ ತಿದ್ದಿದ್ದರು. ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡೂ ತೂರುತ್ತಿರಲಿಲ್ಲ. ಕಣ್ಣಿಗೆ ಕಾಣುವ ಕಡೆಯೆಲ್ಲ ವೆಲ್ಡಿಂಗ್ ನಾಣ್ಯ ಜೋಡಿಸಿಟ್ಟ ಹಾಗೆ ಸಾಲಾಗಿತ್ತು. ನಾನು ಟೆಲಿಸ್ಕೋಪಿಕ್ ಕನ್ನಡಿ ಮತ್ತು ಸಣ್ಣ ಬ್ಯಾಟರಿ ದೀಪವನ್ನು ಆ ಸಂದಿಯೊಳಗೆ ತೂರಿಸಿದೆ. ಮುಂದಿನ ಎರಡು ಜಾಯಿಂಟು ಸುತ್ತ ಪೂರ್ತಿಯಾಗಿತ್ತು, ಏಕೆಂದರೆ ಮುಂಗಾಜು ತೆಗೆದಿದ್ದರಿಂದ ಅಲ್ಲಿ ಕೈಗೆ ದಾರಿಯಿತ್ತು. ಅರ್ಧ ಹೂಪು ಮೇನ್ ಹೂಪಿಗೆ ಕೂಡುವ ಎರಡು ಜಾಯಿಂಟಿನ ಮೇಲ್ಮೈಯಲ್ಲಿ ಮಾತ್ರ ವೆಲ್ಡ್ ಇರಲಿಲ್ಲ. ಎರಡೂ ಬದಿಯಿಂದ ಬೀಡ್ (ವೆಲ್ಡಿನ ಸಾಲು) ಮೇಲಕ್ಕೆ ಹತ್ತಿ ಬಂದು ನಿಂತುಬಿಟ್ಟಿತ್ತು. ನಡುವೆ ಫಿಶ್‌ಮೌತಿನ ಅಂಚು, ಅದರ ಮೇಲೆ ಪೆನ್ಸಿಲ್ ಗುರುತು ಕೂಡ ಅಳಿಸದೆ ಹಾಗೇ ಇತ್ತು. 38ರ ಪೈಪಿನ ಸುತ್ತಳತೆ ಸುಮಾರು 119 ಮಿ.ಮೀ.; ಅದರಲ್ಲಿ ಮೂರನೇ ಒಂದು ಭಾಗ ಬರಿದು.

ನಿಯಮದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ವೆಲ್ಡು ಪೈಪಿನ ಪೂರ್ತಿ ಸುತ್ತಳತೆಗೆ ಇರಬೇಕು. ಮೇಸ್ತ್ರಿ ಏನನ್ನೂ ಮುಚ್ಚಿಡಲಿಲ್ಲ. ‘ವೆಲ್ಡಿಂಗ್ ಟಾರ್ಚ್ ಹೋಗಲ್ಲ ಸಾರ್. ಗಿಡ್ಡ ಕ್ಯಾಪ್ ಹಾಕಿ ನೋಡ್ದೆ, ಕನ್ನಡಿ ಇಟ್ಕೊಂಡು ನೋಡ್ದೆ. ಟಂಗ್‌ಸ್ಟನ್ ಮೊನೆ ತಗಡಿಗೆ ತಾಗ್ತದೆ.’ ಪೈಪ್‌ಲೈನಿನಲ್ಲಿ ಕನ್ನಡಿ ನೋಡಿಕೊಂಡು ವೆಲ್ಡ್ ಮಾಡಿ ಪಳಗಿದ ಕೈ ಅದು. ಅವರಿಗೇ ಆಗದಿದ್ದರೆ ಆ 12 ಮಿ.ಮೀ. ಒಳಗೆ ಯಾರಿಗೂ ಆಗುವುದಿಲ್ಲ.

ಮೂರು ದಾರಿ, ಒಂದು ಪ್ರಯೋಗ

ಮಾಲೀಕರು ಮೊದಲು ಹೇಳಿದ್ದು ಸಂದಿ ಮುಚ್ಚುವ ಅಂಟಾದ ಸೀಮ್ ಸೀಲರ್ ಬಳಿದು ಪೇಂಟ್ ಹೊಡೆಯುವುದು. ‘ಮೂರರಲ್ಲಿ ಎರಡು ಭಾಗ ಆಗಿದೆಯಲ್ಲ ಸಾರ್, ಅದೇ ಸಾಕಷ್ಟು ಹಿಡ್ಕೊಳ್ಳುತ್ತೆ.’ ಅವರಿಗೆ ಮೋಸದ ಬುದ್ಧಿ ಇರಲಿಲ್ಲ. ಡೆಂಟಿಂಗ್ ಕೆಲಸದಲ್ಲಿ ಎರಡು ಭಾಗ ವೆಲ್ಡಾದರೆ ನಿಜವಾಗಿಯೂ ಸಾಕು. ಆ ಅನುಭವದಿಂದಲೇ ಮಾತಾಡುತ್ತಿದ್ದರು. ಎರಡನೆಯ ದಾರಿ, ರೂಫ್ ತಗಡನ್ನು ಗಟರ್ ಉದ್ದಕ್ಕೂ ಕತ್ತರಿಸಿ ತೆಗೆದು, ಮೇಲಿನಿಂದ ವೆಲ್ಡ್ ಮಾಡಿ, ಮತ್ತೆ ಕೂರಿಸುವುದು. ಮೂರನೆಯದು, ಕಾಲುಗಳ ಕೆಳಗೆ ಫ್ಲೋರ್ ಕೊಯ್ದು ಇಡೀ ಕೇಜನ್ನು ಒಂದು ಗೇಣು ಕೆಳಗಿಳಿಸಿ, ಮೇಲೆ ಕೈಯಾಡುವಷ್ಟು ಜಾಗ ಮಾಡಿಕೊಂಡು ವೆಲ್ಡ್ ಮಾಡಿ, ಮತ್ತೆ ಎತ್ತಿ ಕೂರಿಸುವುದು.

ಬಾಯಿಮಾತಿನ ವಾದ ಮುಂದುವರಿದಿದ್ದರೆ ಎಲ್ಲಿಗೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಮೂಲೆಗೆ ಬಿದ್ದಿದ್ದ ಹಾಳು ಹೂಪಿನ ನೇರ ಭಾಗದಿಂದ ಎರಡು ತುಂಡು ಕೊಯ್ಯಿಸಿದೆ. ಎರಡಕ್ಕೂ 38ರ ಪೈಪನ್ನು ಅಡ್ಡಲಾಗಿ ಕೂಡಿಸಿ, ಒಂದಕ್ಕೆ ಸುತ್ತ ಪೂರ್ತಿ ವೆಲ್ಡ್, ಇನ್ನೊಂದಕ್ಕೆ ಕಾರಿನಲ್ಲಿದ್ದಂತೆಯೇ ಮೂರನೇ ಒಂದು ಭಾಗ ಬಿಟ್ಟು ವೆಲ್ಡ್ ಮಾಡಿಸಿದೆ. ಬೇರಿಂಗ್ ಕಳಚುವ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬುಡ ಕಟ್ಟಿ, ಅಡ್ಡ ಪೈಪಿನ ತುದಿಯನ್ನು ಒತ್ತಿದೆವು. ವೆಲ್ಡ್ ಬಿಟ್ಟಿದ್ದ ಕಡೆ ಎಳೆತಕ್ಕೆ ಬರುವ ಹಾಗೆ ಇಟ್ಟಿದ್ದೆ. ಲ್ಯಾಬ್ ಪರೀಕ್ಷೆಯ ಖಚಿತತೆ ಇದಕ್ಕಿಲ್ಲ, ಆದರೂ ಎರಡರ ನಡುವಿನ ವ್ಯತ್ಯಾಸ ಸಾಕಷ್ಟು ಸ್ಪಷ್ಟವಾಗಿತ್ತು.

ಪೂರ್ತಿ ವೆಲ್ಡಾದದ್ದು ಬಗ್ಗುತ್ತಾ ಹೋಯಿತು. ಪೈಪು ಬುಡದ ಹತ್ತಿರ ಸುಕ್ಕಾಯಿತು, ಜಾಯಿಂಟು ಬಿಡಲಿಲ್ಲ. ಇನ್ನೊಂದರಲ್ಲಿ ಬರಿದಾದ ಸಂದಿ ಮೊದಲು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಆಮೇಲೆ ಬೀಡ್ ನಿಂತಿದ್ದ ಜಾಗದಿಂದಲೇ ಟಪ್ ಎಂದು ಬಿರುಕು ಹೊರಟು, ವೆಲ್ಡಿನ ಅಂಚು ಹಿಡಿದು ಕೆಳಗಿಳಿಯಿತು. ವೆಲ್ಡ್ ಆಗದ ಸಂದಿ ಎಂದರೆ ಮೊದಲೇ ಮಾಡಿಟ್ಟ ಬಿರುಕು. ಬಲ ಬಿದ್ದಾಗ ಹೊಸದಾಗಿ ಏನೂ ಒಡೆಯಬೇಕಿಲ್ಲ, ಇದ್ದದ್ದೇ ಮುಂದುವರಿಯುತ್ತದೆ. ಕಾರು ಪಲ್ಟಿ ಹೊಡೆದಾಗ ಮೊದಲ ಏಟು ಬೀಳುವುದು ಬಹಳ ಸಲ ಇದೇ ಮೇಲಿನ ಮೂಲೆಗೆ.

ಮಾಲೀಕರು ಆ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ ನಿಂತರು. ಮೇಸ್ತ್ರಿ ಹೇಳಿದರು, ‘ಅಣ್ಣ, ಬಿಟ್ಟಿರೋದು ನಂಗೆ ಗೊತ್ತು. ಗೊತ್ತಿದ್ದೂ ಪೇಂಟ್ ಹೊಡೆಯೋಕೆ ಕೊಡಕ್ಕಾಗಲ್ಲ.’ ಹುಡುಗ ಹೇಳಿದ್ದು ಇಷ್ಟೇ: ‘ಅಣ್ಣ, ಪಕ್ಕದ ಸೀಟಲ್ಲಿ ನನ್ನ ಫ್ರೆಂಡೂ ಕೂತಿರ್ತಾನೆ.’ ಈ ಪ್ರಕರಣದ ತಿರುವು ಇದೇ. ಅದರಾಚೆಗೆ ಸೀಲರ್ ಮಾತು ಬರಲಿಲ್ಲ.

ರೂಫ್ ಕತ್ತರಿಸುವುದನ್ನು ನಾನು ಬೇಡವೆಂದೆ. ಹಳೆಯ ಕಾರಿನ ತೆಳು ತಗಡು ಮತ್ತೆ ಕೂರಿಸುವಾಗ ಅಲೆ ಏಳುತ್ತದೆ, ನೀರು ಸೋರುತ್ತದೆ. ಬಾಡಿಯ ಬಿಗಿಗೆ ಆಧಾರವಾದ ಅಂಚನ್ನೇ ಕೊಯ್ಯಬೇಕಾಗುತ್ತದೆ. ಫ್ಲೋರ್ ಕೊಯ್ದರೆ ಅಲ್ಲಿ ಹೇಗೂ ದಪ್ಪ ಪ್ಲೇಟು ಬರಲೇಬೇಕು.

ಕೇಜ್ ಕೆಳಗಿಳಿದದ್ದು

ಬ್ಯಾಕ್‌ಸ್ಟೇ ಮತ್ತು ಡೋರ್ ಬಾರ್ ಇನ್ನೂ ಹಾಕಿರಲಿಲ್ಲ. ಹಾಕಿದ್ದರೆ ಕೇಜು ಅಲುಗಾಡುತ್ತಲೇ ಇರಲಿಲ್ಲ. ಅದು ನಮ್ಮ ಪುಣ್ಯ. ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಟ್ಟರು. ಬ್ಯಾಟರಿ ಬಿಚ್ಚಿ, ಎಂಜಿನ್ ನಿಯಂತ್ರಿಸುವ ಇಸಿಯು ಕಳಚಿದರು. ಕೇಜಿನ ಕಾಲುಗಳ ನಡುವೆ ಆಂಗಲ್ ಪಟ್ಟಿ ಅಡ್ಡಲಾಗಿ ಟ್ಯಾಕ್ ಮಾಡಿ (ತಾತ್ಕಾಲಿಕವಾಗಿ ಚುಕ್ಕಿ ವೆಲ್ಡ್ ಹಾಕಿ), ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟು, ಸೆಂಟರ್ ಪಂಚ್‌ನಲ್ಲಿ ಗುರುತು ಹಾಕಿದ ಮೇಲೆ ಕಾಲುಗಳ ವೆಲ್ಡನ್ನು ತೆಳು ಗ್ರೈಂಡಿಂಗ್ ವೀಲ್‌ನಿಂದ ಕೊಯ್ದರು.

ಫ್ಲೋರ್ ಕೊಯ್ಯಲು ಕಾರ್ಪೆಟ್ ಕೆಳಗಿನ ಟಾರ್ ಶೀಟ್ ಕೆರೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಎಡಗಡೆ, ಬಾಗಿಲಿನ ಕೆಳಗಿನ ಸಿಲ್ ಬಾಕ್ಸ್ ಹತ್ತಿರ ಸ್ಕ್ರೂಡ್ರೈವರ್ ಒತ್ತಿದರೆ ತೂತಾಗಿ ಒಳಗೆ ಹೋಯಿತು. ಮೊದಲು ಕೇಜಿನ ಕಾಲು ನಿಂತಿದ್ದ 3 ಮಿ.ಮೀ. ಪ್ಲೇಟಿನ ಒಂದು ಅಂಚನ್ನು ಅದೇ ತುಕ್ಕಿಗೆ ವೆಲ್ಡ್ ಮಾಡಲಾಗಿತ್ತು. ಮೇನ್ ಹೂಪ್ ಕಾಲಿನ ಕೆಳಗೆ ಕನಿಷ್ಠ 120 ಚದರ ಸೆಂ.ಮೀ. ಪ್ಲೇಟು ಬೇಕೆಂದು ನಿಯಮ ಕೇಳುವುದು ಬಲವನ್ನು ಅಗಲಕ್ಕೆ ಹರಡಲು. ಆ ಅಗಲ ತುಕ್ಕಿನ ಮೇಲಿದ್ದರೆ ಲೆಕ್ಕದಲ್ಲಿ ಇದ್ದೂ ಇಲ್ಲದ ಹಾಗೆ. ರೂಫ್ ಜಾಯಿಂಟಿನ ಸಲುವಾಗಿ ಕೆಳಗೆ ಇಳಿಯದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತುಕ್ಕು ಹಿಡಿದ ಭಾಗ ಪೂರ್ತಿ ಕೊಯ್ದು ಹೊಸ ತಗಡು ಹಾಕಿದರು.

ಕಾಲುಗಳ ಕೆಳಗೆ ಜಾಕ್ ಕೊಟ್ಟು, ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಕೇಜು ಇಳಿದ ಮೇಲೆ ಮೇಸ್ತ್ರಿಯ ಕೈ, ಟಾರ್ಚು, ಫಿಲ್ಲರ್ ರಾಡು ಮೂರೂ ಆರಾಮಾಗಿ ಹಿಡಿದವು.

ಆಗ ಬಂದ ಸಣ್ಣ ವಿಘ್ನವೊಂದನ್ನು ಹೇಳಲೇಬೇಕು, ಯಾಕೆಂದರೆ ಬೇಸಿಗೆಯಲ್ಲಿ ಶೀಟ್ ಹಾಕಿದ ಶೆಡ್ಡಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದು ಬರುತ್ತದೆ. ಮೊದಲ ಬೀಡ್ ಮೇಲೆ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ಗ್ಯಾಸ್ ಸಿಲಿಂಡರ್ ಸರಿಯಿತ್ತು, ಪೈಪು ಶುಚಿಯಿತ್ತು. ಸೆಕೆಗೆಂದು ಹಚ್ಚಿದ್ದ ಪೆಡೆಸ್ಟಲ್ ಫ್ಯಾನು ತೆರೆದ ಬಾಗಿಲಿನಿಂದ ಒಳಗೆ ಬೀಸಿ, ಆರ್ಗನ್ ಹೊದಿಕೆಯನ್ನೇ ಚೆದುರಿಸುತ್ತಿತ್ತು. ಫ್ಯಾನ್ ಆರಿಸಿ, ಆ ಬೀಡನ್ನು ಪೂರ್ತಿ ಕೆರೆದು ತೆಗೆದು ಮತ್ತೆ ಹಾಕಿದರು. ಜೊತೆಗೆ ಅದೇ ಸೆಟ್ಟಿಂಗಿನಲ್ಲಿ ಒಂದು ಮಾದರಿ ಜಾಯಿಂಟ್ ಮಾಡಿಸಿ, ಅಡ್ಡ ಕೊಯ್ದು, ಎಮರಿ ಕಾಗದದಲ್ಲಿ ಹೊಳಪು ಮಾಡಿ, ಸ್ಪಿರಿಟ್ ಬೆರೆಸಿದ ತೆಳು ನೈಟ್ರಿಕ್ ಆಮ್ಲ ಸವರಿದೆ. ವೆಲ್ಡ್ ಕರಗಿ ಒಳಗಿಳಿದ ಗಡಿ ಕಪ್ಪು ಗೆರೆಯಾಗಿ ಎದ್ದು ಬಂತು. ಪೈಪಿನ ಬೇರಿನ ತನಕ ಮುಟ್ಟಿತ್ತು. ಮೇಸ್ತ್ರಿ ಇಷ್ಟು ವರ್ಷದಲ್ಲಿ ತಮ್ಮ ವೆಲ್ಡಿನ ಒಳಭಾಗ ನೋಡಿದ್ದು ಅದೇ ಮೊದಲಂತೆ. ಆ ತುಂಡನ್ನು ಅವರೇ ಇಟ್ಟುಕೊಂಡರು.

ಕೇಜನ್ನು ಮತ್ತೆ ಎತ್ತಿ, ಪಂಚ್ ಗುರುತಿಗೆ ಕೂರಿಸಿ, ಕೊಯ್ದ ತೂತುಗಳ ಮೇಲೆ 3 ಮಿ.ಮೀ. ಪ್ಲೇಟಿನ ಪೆಟ್ಟಿಗೆ ಕಟ್ಟಿದರು. ಪೆಟ್ಟಿಗೆಯ ಒಂದು ಮಗ್ಗುಲು ಫ್ಲೋರಿಗೆ, ಇನ್ನೊಂದು ಹೊಸ ಸಿಲ್‌ಗೆ. ಮೊದಲಿದ್ದ ಬರೀ ಪ್ಲೇಟಿಗಿಂತ ಇದು ಉತ್ತಮ, ಏಕೆಂದರೆ ಬಲ ತೆಳು ಫ್ಲೋರಿಗೆ ಮಾತ್ರ ಬೀಳದೆ ಸಿಲ್‌ಗೂ ಹಂಚಿಹೋಗುತ್ತದೆ. ಬ್ಯಾಕ್‌ಸ್ಟೇಗಳನ್ನು ಹಿಂಗಾಜು ತೆಗೆದು ಅದರ ಕಿಂಡಿಯಿಂದ ವೆಲ್ಡ್ ಮಾಡಿದರು. ಪ್ರತಿ ಹಂತದಲ್ಲೂ ನಾಲ್ಕು ಬಾಗಿಲು ಹಾಕಿ ತೆಗೆದು, ಬಾಡಿ ಎಳೆದುಕೊಂಡಿಲ್ಲ ಎಂದು ನೋಡಿಕೊಂಡರು. ಬೀಡ್‌ಗಳನ್ನು ನುಣ್ಣಗೆ ಗ್ರೈಂಡ್ ಮಾಡಲು ನಾನು ಬಿಡಲಿಲ್ಲ. ನೋಡಲು ಚೆಂದ ಕಾಣುತ್ತದೆ ನಿಜ, ಆದರೆ ವೆಲ್ಡಿನ ದಪ್ಪ ಕಡಿಮೆಯಾಗುತ್ತದೆ, ತಪಾಸಣೆ ಮಾಡುವವನಿಗೆ ನೋಡಲು ಏನೂ ಉಳಿಯುವುದಿಲ್ಲ.

ಫಲಿತಾಂಶ

ಸ್ಪರ್ಧೆಗೆ ಮುಂಚಿನ ಕಾರು ತಪಾಸಣೆಯಾದ ಸ್ಕ್ರೂಟಿನಿಯಲ್ಲಿ ಅಧಿಕಾರಿ ಕನ್ನಡಿ ತೂರಿಸಿ ನೋಡಿದ್ದು ಅದೇ ಎರಡು ಜಾಯಿಂಟನ್ನು. ಕೇಜು ಪಾಸಾಯಿತು. ಆದರೆ ಹುಡುಗ ಅಂದುಕೊಂಡಿದ್ದ ಮೊದಲ ರ‍್ಯಾಲಿ ಅಷ್ಟರಲ್ಲಿ ಮುಗಿದಿತ್ತು. ಫ್ಲೋರ್ ಕೊಯ್ದು ಕಟ್ಟಿದ ಕೂಲಿಯಲ್ಲಿ ಅರ್ಧ ಮಾಲೀಕರು ಹೊತ್ತರು, ಅರ್ಧ ಹುಡುಗ ಕೊಟ್ಟ.

ಇದೇ ಥರದ ಕೆಲಸಕ್ಕೆ ಇಳಿಯುವವರು ಇಲ್ಲಿಂದ ಮುಖ್ಯವಾಗಿ ತೆಗೆದುಕೊಳ್ಳಬೇಕಾದ್ದು ಕೆಲಸದ ಕ್ರಮ. ಪೈಪಿನ ಗುಣಮಟ್ಟ, ಬೆಂಡಿನ ಅನುಪಾತ, ವೆಲ್ಡರ್ ಕೈ ಎಲ್ಲವೂ ಕೊನೆಗೆ ಸರಿಯಾಗಿಯೇ ಇದ್ದವು. ಎಡವಿದ್ದು ‘ಯಾವ ಜಾಯಿಂಟಿಗೆ ಯಾವ ಹೊತ್ತಿನಲ್ಲಿ ಟಾರ್ಚು ಹೋಗುತ್ತದೆ’ ಎಂಬ ಪ್ರಶ್ನೆಯನ್ನು ಬಗ್ಗಿಸುವ ಮುಂಚೆ ಯಾರೂ ಕೇಳದಿದ್ದದ್ದರಿಂದ. ಸೀಟು ಮೊದಲು ಕೂರಿಸಿ, ಹೆಲ್ಮೆಟ್ ಎತ್ತರ ಹಿಡಿದು, ಫ್ಲೋರಿನ ತುಕ್ಕು ನೋಡಿ, ಕಾಲು ಬರುವ ಕಡೆ ಮೊದಲೇ ಕೊಯ್ದು, ಕೇಜನ್ನು ಬರೀ ಟ್ಯಾಕ್ ಮೇಲೆ ನಿಲ್ಲಿಸಿ, ಇಳಿಸಿ ಮೇಲಿನ ಜಾಯಿಂಟ್ ಮುಗಿಸಿ, ಆಮೇಲೆ ಎತ್ತಿ ಕಾಲು, ಕೊನೆಗೆ ಬ್ಯಾಕ್‌ಸ್ಟೇ ಮತ್ತು ಡೋರ್ ಬಾರ್. ಈ ಕ್ರಮದಲ್ಲಿ ಹೋಗಿದ್ದರೆ ಕೊಯ್ದು ಮತ್ತೆ ಕಟ್ಟಿದ ಕೆಲಸವೆಲ್ಲ ತಪ್ಪುತ್ತಿತ್ತು.

ಇನ್ನೊಂದನ್ನು ಹುಡುಗನಿಗೂ ಒತ್ತಿ ಹೇಳಿದೆ. ಕೇಜ್ ಇರುವ ಕಾರನ್ನು ಹೆಲ್ಮೆಟ್ ಇಲ್ಲದೆ ಊರೊಳಗೆ ಓಡಿಸಬಾರದು. ಸಣ್ಣ ಡಿಕ್ಕಿಯಲ್ಲೂ ಬರೀ ತಲೆ ಉಕ್ಕಿನ ಪೈಪಿಗೆ ಬಡಿಯುತ್ತದೆ. ಪ್ಯಾಡಿಂಗ್ ಹಾಕಿದ್ದು ಹೆಲ್ಮೆಟ್ ಇರುವ ತಲೆಗೆಂದು. ಅವನು ಈಗ ಕಾರನ್ನು ರ‍್ಯಾಲಿಗೆ ಫ್ಲಾಟ್‌ಬೆಡ್ ಮೇಲೆ ಸಾಗಿಸುತ್ತಾನೆ.

ಅದೇ ವರ್ಕ್‌ಶಾಪಿಗೆ ಈಗ ಎರಡನೆಯ ಕಾರು ಬಂದಿದೆ. ಈ ಸಲ ಫ್ಲೋರ್ ಕೊಯ್ದಾದ ಮೇಲೆ ಪೈಪಿಗೆ ಆರ್ಡರ್ ಹೋಗಿದೆ. ಬೆಲ್ಟ್ ಕಟ್ಟುವ ಹಾರ್ನೆಸ್ ಬಾರ್ ಎಷ್ಟು ಎತ್ತರದಲ್ಲಿ ಬರಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಭುಜದ ಬೆಲ್ಟು ಸೀಟಿನ ಬೆನ್ನಿನ ಮೇಲಂಚಿನಿಂದ ಹಿಂದಕ್ಕೆ ಇಳಿಯುವ ಕೋನ 45 ಡಿಗ್ರಿ ಮೀರಬಾರದು, 10ರ ಒಳಗಿದ್ದರೆ ಒಳ್ಳೆಯದು ಎಂದು ನಿಯಮವಿದೆ. ಆ ಕಾರಿನ ಮಾಲೀಕ ಸೀಟು ತರುವ ತನಕ ಆ ಪೈಪನ್ನು ಕೊಯ್ಯುವುದು ಬೇಡ ಎಂದು ಮೇಸ್ತ್ರಿ ಹೇಳಿದ್ದಾರೆ.